ಬೆಳಕಿನತ್ತ ಬಾಗುವ ಸಸಿ: ಜೀವಕೋಶದೊಳಗಿನ ಸಾಗಣೆಯ ವ್ಯವಸ್ಥೆ

(ಉಪನ್ಯಾಸದ ಪಠ್ಯ)



ಮುಂಬಯಿಯ ಚಾಳಿನ ಗ್ಯಾಲರಿಯಲ್ಲಾಗಲಿ, ದೆಹಲಿಯ ಸರ್ಕಾರಿ ವಸತಿಗೃಹದ ಬಾಲ್ಕನಿಯಲ್ಲಾಗಲಿ, ಚೆನ್ನೈನ ಮನೆಯೊಂದರ ಹಿತ್ತಿಲಿನ ಇಕ್ಕಟ್ಟಿನಲ್ಲಾಗಲಿ ಕುಂಡದಲ್ಲಿ ತುಳಸಿಯನ್ನು ಬೆಳೆಸಿದವರಿಗೆ ಒಂದು ಸಂಗತಿ ಚಿರಪರಿಚಿತವಾಗಿದೆ. ಒಂದೇ ದಿಕ್ಕಿನಿಂದ ಬೆಳಕು ಬೀಳುವ ಸ್ಥಳದಲ್ಲಿ ಇರಿಸಿದ ಗಿಡವು ಕೆಲವೇ ದಿನಗಳಲ್ಲಿ ಆ ದಿಕ್ಕಿಗೆ ವಾಲಿಕೊಳ್ಳುತ್ತದೆ. ಮನೆಯ ಹಿರಿಯರು ಕುಂಡವನ್ನು ತಿರುಗಿಸಿ ಇಡುತ್ತಾರೆ. ವಾರ ಕಳೆಯುವಷ್ಟರಲ್ಲಿ ಗಿಡವು ಮತ್ತೆ ತಾನು ಹಿಡಿದ ದಾರಿಯನ್ನೇ ಹಿಡಿದಿರುತ್ತದೆ. ಪುಣೆಯಲ್ಲಿಯೂ ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿಯೂ ನವರಾತ್ರಿಯಲ್ಲಿ ಘಟ ಸ್ಥಾಪಿಸಿ ಅದರ ಸುತ್ತ ಧಾನ್ಯ ಬಿತ್ತುವ ಪದ್ಧತಿಯುಂಟು. ದೇವರ ಕೋಣೆಯ ಮಬ್ಬುಗತ್ತಲೆಯಲ್ಲಿ ಬೆಳೆದ ಆ ಸಸಿಗಳು ಹಸುರಾಗಿರದೆ ತಿಳಿಹಳದಿಯಾಗಿ, ನೂಲಿನಂತೆ ನೀಳವಾಗಿ, ನಂದಾದೀಪವಿರುವ ಕಡೆಗೋ ಬಾಗಿಲಿನ ಕಡೆಗೋ ಮುಖ ಮಾಡಿರುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಕಣ್ಣಿಲ್ಲದ, ನರವಿಲ್ಲದ, ಸ್ನಾಯುವಿಲ್ಲದ ಈ ಸಸಿ ಬೆಳಕು ಎಲ್ಲಿದೆ ಎಂದು ಅರಿಯುವುದು ಹೇಗೆ, ಅರಿತ ಮೇಲೆ ಬಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆ ಉತ್ತರದ ಬಹುಭಾಗವು ಜೀವಕೋಶದ ಒಳಗೆ ನಡೆಯುವ ಅತಿ ಸೂಕ್ಷ್ಮವಾದ ಸರಕು ಸಾಗಣೆಯಲ್ಲಿ ಅಡಗಿತ್ತು.

ಸಸಿಯ ಪಾಲಿಗೆ ಇದು ಸಾವು ಬದುಕಿನ ಪ್ರಶ್ನೆ. ಒಂದು ಸಾವಿರ ರಾಗಿಯ ಕಾಳುಗಳ ತೂಕ ಮೂರು ಗ್ರಾಮಿನ ಆಸುಪಾಸು ಮಾತ್ರ. ಅಂತಹ ಒಂದು ಕಾಳಿನೊಳಗೆ ತಾಯಿಗಿಡವು ಕಟ್ಟಿಕೊಟ್ಟಿರುವ ಬುತ್ತಿ ಎಷ್ಟಿದ್ದೀತು? ಮಣ್ಣಿನ ಕೆಳಗೆ ಮೊಳೆತ ಬೀಜವು ಆ ಬುತ್ತಿ ತೀರುವುದರೊಳಗೆ ನೆಲವನ್ನು ಸೀಳಿಕೊಂಡು ಮೇಲೆ ಬಂದು, ಎಲೆ ಬಿಚ್ಚಿ, ಬೆಳಕಿನಿಂದ ಆಹಾರವನ್ನು ತಯಾರಿಸಿಕೊಳ್ಳಲು ತೊಡಗಬೇಕು. ದಿಕ್ಕು ತಪ್ಪಿದರೆ ಅದಕ್ಕೆ ಎರಡನೆಯ ಅವಕಾಶವಿಲ್ಲ. ಆದುದರಿಂದಲೇ ಕತ್ತಲೆಯಲ್ಲಿರುವ ಸಸಿಯು ಎಲೆಗೂ ಹಸುರಿಗೂ ವೆಚ್ಚ ಮಾಡದೆ, ಇರುವುದೆಲ್ಲವನ್ನೂ ಕಾಂಡದ ಉದ್ದಕ್ಕೆ ಸುರಿಯುತ್ತದೆ. ಘಟದ ಸಸಿಗಳ ಹಳದಿ ಬಣ್ಣದ ಅರ್ಥವೂ ಅದೇ.

ಈ ವಿಷಯದ ಮೊದಲ ಕ್ರಮಬದ್ಧ ಪ್ರಯೋಗಗಳನ್ನು ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಅವರೊಡನೆ ನಡೆಸಿ, ಸಸ್ಯಗಳ ಚಲನಶಕ್ತಿಯನ್ನು ಕುರಿತ ತಮ್ಮ ಗ್ರಂಥದಲ್ಲಿ 1880ರಲ್ಲಿ ಪ್ರಕಟಿಸಿದರು. ಕ್ಯಾನರಿ ಹುಲ್ಲಿನ ಎಳೆ ಮೊಳಕೆಗಳ ತುದಿಗೆ ತವರದ ಹಾಳೆಯ ಪುಟ್ಟ ಟೊಪ್ಪಿಗೆಯನ್ನು ತೊಡಿಸಿ ಅವರು ಒಂದು ಬದಿಯಿಂದ ಬೆಳಕು ಬೀಳಿಸಿದರು. ಮೊಳಕೆ ಬಾಗಲಿಲ್ಲ. ತುದಿಯನ್ನು ತೆರೆದಿಟ್ಟು ಬುಡವನ್ನು ಮಾತ್ರ ಮುಚ್ಚಿದಾಗ ಅದು ಎಂದಿನಂತೆ ಬಾಗಿತು. ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಇವೆರಡರ ನಡುವೆ ಯಾವುದೋ ಒಂದು ಪ್ರಭಾವ ಮೇಲಿನಿಂದ ಕೆಳಕ್ಕೆ ಸಾಗುತ್ತದೆ ಎಂಬುದು ಅವರ ತೀರ್ಮಾನ. ಅಂದಿನ ಹಲವು ಸಸ್ಯಶಾಸ್ತ್ರಜ್ಞರು ಇದನ್ನು ಒಪ್ಪಲಿಲ್ಲ. ಡೆನ್ಮಾರ್ಕಿನ ಬಾಯ್ಸನ್ ಯೆನ್ಸನ್ 1910ರ ದಶಕದ ಆರಂಭದಲ್ಲಿ ಓಟ್ಸ್ ಮೊಳಕೆಯ ತುದಿಯನ್ನು ಕತ್ತರಿಸಿ, ನಡುವೆ ಜೆಲಟಿನ್ನಿನ ತುಣುಕನ್ನಿಟ್ಟು ಮತ್ತೆ ಜೋಡಿಸಿದರು. ಆಗಲೂ ಮೊಳಕೆ ಬಾಗಿತು. ನೆರಳಿನ ಬದಿಯಲ್ಲಿ ಅಭ್ರಕದ ತೆಳುಹಾಳೆಯನ್ನು ತೂರಿಸಿದಾಗ ಬಾಗಲಿಲ್ಲ. ಜೆಲಟಿನ್ನಿನ ಮೂಲಕ ಹಾದುಹೋಗಬಲ್ಲ, ಅಭ್ರಕವನ್ನು ದಾಟಲಾರದ ರಾಸಾಯನಿಕವೊಂದು ಅಲ್ಲಿ ಹರಿಯುತ್ತಿದೆ ಎಂಬುದು ಇದರಿಂದ ಬಹುಮಟ್ಟಿಗೆ ಖಚಿತವಾಯಿತು.

ಹಾಲೆಂಡಿನ ಯೂಟ್ರೆಕ್ಟ್ ನಗರದ ಫ್ರಿಟ್ಸ್ ವೆಂಟ್ ಎಂಬ ತರುಣ ಆ ರಾಸಾಯನಿಕವನ್ನು ಹಿಡಿದು ತೋರಿಸಿದರು. ಕತ್ತರಿಸಿದ ತುದಿಗಳನ್ನು ಅಗರ್ ತುಣುಕಿನ ಮೇಲೆ ಕೆಲಕಾಲ ಇರಿಸಿ, ಅನಂತರ ಆ ತುಣುಕನ್ನು ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಸರಿಸಿ ಕೂರಿಸಿದಾಗ, ಬೆಳಕೇ ಇಲ್ಲದಿದ್ದರೂ ಮೊಳಕೆ ಎದುರು ಪಕ್ಕಕ್ಕೆ ಬಾಗಿತು. 1928ರಲ್ಲಿ ಪ್ರಕಟವಾದ ಈ ಕೆಲಸವು ಸಸ್ಯಶಾಸ್ತ್ರದ ಇತಿಹಾಸದಲ್ಲಿ ಅತ್ಯಂತ ಸರಳವೂ ಅತ್ಯಂತ ಫಲಕಾರಿಯೂ ಆದ ಪ್ರಯೋಗಗಳಲ್ಲಿ ಒಂದೆಂದು ಹೇಳಿದರೆ ಅತಿಶಯೋಕ್ತಿಯಾಗದು. ಬೆಳೆಯುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಆ ವಸ್ತುವಿಗೆ ಆಕ್ಸಿನ್ ಎಂಬ ಹೆಸರು ಬಂದಿತು. ಅದೇ ಕಾಲದಲ್ಲಿ ಕೀವ್ ನಗರದ ನಿಕೊಲಾಯ್ ಖೊಲೊದ್ನಿ ಸ್ವತಂತ್ರವಾಗಿ ಇದೇ ನಿಲುವನ್ನು ತಲಪಿದ್ದರು: ಬೆಳಕು ಬಿದ್ದಾಗ ಆಕ್ಸಿನ್ ನೆರಳಿನ ಬದಿಗೆ ಸರಿಯುತ್ತದೆ, ಅಲ್ಲಿನ ಜೀವಕೋಶಗಳು ಹೆಚ್ಚು ಉದ್ದವಾಗುತ್ತವೆ, ಕಾಂಡವು ಬೆಳಕಿನ ಕಡೆಗೆ ಬಾಗುತ್ತದೆ. 1934ರಲ್ಲಿ ಇಂಡೋಲ್ ಅಸಿಟಿಕ್ ಆಮ್ಲವೇ ಆಕ್ಸಿನ್ನಿನ ರೂಪವೆಂದು ಗುರುತಿಸಲಾಯಿತು. ವಿಚಿತ್ರವೆಂದರೆ ಅದನ್ನು ಬೇರ್ಪಡಿಸಿದುದು ಗಿಡದಿಂದಲ್ಲ, ಮನುಷ್ಯರ ಮೂತ್ರದಿಂದ.

ಭಾರತದಲ್ಲಿ ಜಗದೀಶಚಂದ್ರ ಬೋಸರು ಇದೇ ದಶಕಗಳಲ್ಲಿ ಸಸ್ಯಗಳ ಬೆಳವಣಿಗೆಯನ್ನು ಅಳೆಯಲು ಕ್ರೆಸ್ಕೋಗ್ರಾಫ್ ಎಂಬ ಉಪಕರಣವನ್ನು ರೂಪಿಸಿ, 1917ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಸಂಶೋಧನಾ ಮಂದಿರವನ್ನು ಸ್ಥಾಪಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಅವರ ಒಲವು ಸಸ್ಯದೊಳಗಿನ ವಿದ್ಯುತ್ ಸಂಕೇತಗಳ ಕಡೆಗೆ ಇತ್ತು. ರಾಸಾಯನಿಕ ಸಂಕೇತದ ಹಾದಿ ಬೇರೆಯದಾಗಿತ್ತು.

ಆಕ್ಸಿನ್ ಎಂಬ ವಸ್ತುವೇನೋ ಸಿಕ್ಕಿತು. ಆದರೆ ಅದು ಹರಿಯುವ ರೀತಿ ಮಾತ್ರ ಒಗಟಾಗಿಯೇ ಉಳಿಯಿತು. ಕಾಂಡದಲ್ಲಿ ಅದು ತುದಿಯಿಂದ ಬುಡದ ಕಡೆಗೆ ಗಂಟೆಗೆ ಸುಮಾರು ಒಂದು ಸೆಂಟಿಮೀಟರಿನಂತೆ ಸಾಗುತ್ತದೆ. ಕಾಂಡದ ತುಂಡೊಂದನ್ನು ತಲೆಕೆಳಗಾಗಿ ನಿಲ್ಲಿಸಿದರೂ ಅದು ಹಿಂದಿನ ತುದಿಯಿಂದ ಹಿಂದಿನ ಬುಡದ ಕಡೆಗೇ ಹರಿಯುತ್ತದೆ. ಅಂದರೆ ನೀರು ಇಳಿಜಾರಿನಲ್ಲಿ ಹರಿದಂತೆ ಅಲ್ಲ. ಪ್ರತಿಯೊಂದು ಜೀವಕೋಶಕ್ಕೂ ತನ್ನ ಮೇಲು ಯಾವುದು, ಕೆಳಗು ಯಾವುದು ಎಂದು ತಿಳಿದಿದೆ ಎಂದಾಯಿತು.

ಈ ಒಗಟಿಗೆ ಒಂದು ಸುಂದರವಾದ ವಿವರಣೆಯನ್ನು 1974ರಲ್ಲಿ ಕೇಂಬ್ರಿಜ್‌ನ ಫಿಲಿಪ್ ರೂಬರಿ ಮತ್ತು ರೂಪರ್ಟ್ ಶೆಲ್ಡ್ರೇಕ್ ಮಂಡಿಸಿದರು. ಜಾನ್ ರೇವನ್ ಮರುವರ್ಷ ಪ್ರತ್ಯೇಕವಾಗಿ ಅದನ್ನೇ ಹೇಳಿದರು. ಜೀವಕೋಶಗಳ ಹೊರಗಿನ ಭಿತ್ತಿಯ ಪ್ರದೇಶವು ತುಸು ಆಮ್ಲೀಯವಾದುದು. ಅಲ್ಲಿ ಆಕ್ಸಿನ್ನಿನ ಒಂದು ಪಾಲು ವಿದ್ಯುದಂಶವಿಲ್ಲದ ರೂಪದಲ್ಲಿದ್ದು ಪೊರೆಯನ್ನು ಸಲೀಸಾಗಿ ದಾಟಿ ಒಳಗೆ ಬರುತ್ತದೆ. ಒಳಗಿನ ದ್ರವ್ಯವು ಆಮ್ಲೀಯವಲ್ಲದ್ದರಿಂದ ಅದು ಅಲ್ಲಿ ವಿದ್ಯುದಂಶವನ್ನು ಪಡೆದು ಸೆರೆಯಾಗುತ್ತದೆ. ಹೊರಕ್ಕೆ ಹೋಗಬೇಕಾದರೆ ಪೊರೆಯಲ್ಲಿ ಕುಳಿತ ವಿಶೇಷ ಪ್ರೋಟೀನೊಂದು ಬಾಗಿಲು ತೆರೆಯಲೇಬೇಕು. ಆ ಬಾಗಿಲುಗಳು ಪ್ರತಿ ಜೀವಕೋಶದ ಕೆಳತುದಿಯಲ್ಲಿ ಮಾತ್ರ ಇದ್ದುದೇ ಆದರೆ ಆಕ್ಸಿನ್ನಿಗೆ ಕೆಳಕ್ಕಲ್ಲದೆ ಬೇರೆ ದಾರಿಯಿಲ್ಲ. ಹೈದರಾಬಾದಿನಲ್ಲಿ ನೆಲಸಿರುವ ಕನ್ನಡಿಗರಿಗೆ ಆಸಕ್ತಿ ಹುಟ್ಟಿಸಬಹುದಾದ ಒಂದು ಸಂಗತಿಯೆಂದರೆ, ಶೆಲ್ಡ್ರೇಕ್ ಅದೇ ವರ್ಷ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಗೆ ಬಂದು ತೊಗರಿ ಹಾಗೂ ಕಡಲೆ ಬೆಳೆಗಳ ಅಧ್ಯಯನದಲ್ಲಿ ತೊಡಗಿದರು. ಬಾಗಿಲಿನ ಪ್ರೋಟೀನನ್ನು ಅವರಾಗಲಿ ಬೇರೆಯವರಾಗಲಿ ಆಗ ಕಂಡಿರಲಿಲ್ಲ. ಲೆಕ್ಕಾಚಾರದಿಂದ ಊಹಿಸಿದ ಆ ಪ್ರೋಟೀನು ಕೈಗೆ ಸಿಗಲು ಇನ್ನೂ 24 ವರ್ಷಗಳು ಬೇಕಾದವು.

ಈ ಹಂತದಲ್ಲಿ ಜೀವಕೋಶದ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅವಶ್ಯಕ. ಶಾಲಾ ಪುಸ್ತಕದ ಚಿತ್ರಗಳಲ್ಲಿ ಜೀವಕೋಶವು ಒಂದು ಪೆಟ್ಟಿಗೆಯಂತೆಯೂ ಅದರೊಳಗಿನ ಅಂಗಗಳು ನಿಶ್ಚಲವಾದ ಸಾಮಾನುಗಳಂತೆಯೂ ಕಾಣುತ್ತವೆ. ವಾಸ್ತವದಲ್ಲಿ ಅದು ದಾದರ್ ರೈಲು ನಿಲ್ದಾಣದಂತೆ ಎಡೆಬಿಡದ ಓಡಾಟದ ತಾಣ. ಪ್ರೋಟೀನುಗಳು ಒಳಪೊರೆಯ ಜಾಲವೊಂದರಲ್ಲಿ ತಯಾರಾಗಿ, ಕ್ಯಾಮಿಲ್ಲೊ ಗಾಲ್ಗಿ 1898ರಲ್ಲಿ ವರ್ಣಿಸಿದ ಗಾಲ್ಗಿ ಸಂಕೀರ್ಣವನ್ನು ಸೇರಿ, ಅಲ್ಲಿ ತಿದ್ದಲ್ಪಟ್ಟು ವಿಂಗಡಿಸಲ್ಪಟ್ಟು, ಅನಂತರ ತಮ್ಮ ತಮ್ಮ ವಿಳಾಸಗಳಿಗೆ ಹೊರಡುತ್ತವೆ. ಅವು ಹೊರಡುವುದು ಪೊರೆಯಿಂದಲೇ ಚಿಗುರಿ ಕಳಚಿಕೊಂಡ ಗುಂಡನೆಯ ಕಿರುಚೀಲಗಳಲ್ಲಿ. ಇಂಗ್ಲಿಷಿನಲ್ಲಿ ಇವಕ್ಕೆ ವೆಸಿಕಲ್ ಎನ್ನುತ್ತಾರೆ. ಕೋಶಿಕೆ ಎಂಬ ಪದವನ್ನು ಬಳಸಬಹುದಿತ್ತಾದರೂ ಹಿಂದಿಯಲ್ಲಿ ಕೋಶಿಕಾ ಎಂದರೆ ಜೀವಕೋಶವೇ ಆಗಿರುವುದರಿಂದ, ಉತ್ತರ ಭಾರತದಲ್ಲಿ ಓದಿದ ಮಕ್ಕಳಿಗೆ ಅದು ಗೊಂದಲ ಉಂಟುಮಾಡುತ್ತದೆ. ಕಿರುಚೀಲ ಎಂಬ ಅಚ್ಚಗನ್ನಡದ ಮಾತೇ ಇಲ್ಲಿ ಲೇಸು. ಒಂದು ಕಿರುಚೀಲದ ಅಡ್ಡಳತೆ ಸಾಮಾನ್ಯವಾಗಿ 50ರಿಂದ 100 ನ್ಯಾನೋಮೀಟರ್. ಹತ್ತು ಸಾವಿರ ಚೀಲಗಳನ್ನು ಸಾಲಾಗಿ ಜೋಡಿಸಿದರೂ ಒಂದು ಮಿಲಿಮೀಟರಿನ ಸುತ್ತಮುತ್ತಲಷ್ಟೇ ಆದೀತು.

ಈ ಸಾಗಣೆಯ ಹಾದಿಯನ್ನು ಮೊದಲು ಗುರುತಿಸಿದ ಜಾರ್ಜ್ ಪಲಾಡೆ ಅವರಿಗೆ 1974ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಅದರ ಯಂತ್ರಾಂಗವನ್ನು ಬಿಡಿಸಿದ ಜೇಮ್ಸ್ ರಾತ್‌ಮನ್, ರ‍್ಯಾಂಡಿ ಶೆಕ್‌ಮನ್ ಮತ್ತು ಥಾಮಸ್ ಸೂಡಾಫ್ ಅವರಿಗೆ 2013ರಲ್ಲಿ ಅದೇ ಗೌರವ ದೊರೆಯಿತು. ಶೆಕ್‌ಮನ್ ಆಯ್ದುಕೊಂಡದ್ದು ರೊಟ್ಟಿ ಹುದುಗಿಸುವ ಯೀಸ್ಟನ್ನು. ಸಾಗಣೆ ಕೆಟ್ಟುಹೋಗಿ ಒಳಗೆಲ್ಲ ಚೀಲಗಳು ರಾಶಿಬಿದ್ದ ಯೀಸ್ಟ್ ತಳಿಗಳನ್ನು ಆರಿಸಿ, 1980ರ ವೇಳೆಗೆ ಈ ಕೆಲಸಕ್ಕೆ ಬೇಕಾದ 23 ವಂಶವಾಹಿಗಳನ್ನು ಅವರ ಪ್ರಯೋಗಾಲಯ ಪಟ್ಟಿಮಾಡಿತು. ರಾತ್‌ಮನ್ ಕಂಡುಹಿಡಿದ ಪ್ರಮುಖ ಪ್ರೋಟೀನಿನ ಹೆಸರು ಎನ್‌ಎಸ್‌ಎಫ್; ಚೀಲವು ಗುರಿ ತಲಪಿ ಅಲ್ಲಿನ ಪೊರೆಯೊಡನೆ ಬೆರೆಯಲು ಇದರ ನೆರವು ಅಗತ್ಯ. ಇದರೊಂದಿಗೆ ಮುಂಬಯಿಗೂ ಬೆಂಗಳೂರಿಗೂ ಒಂದು ನಂಟಿದೆ. 1976ರಲ್ಲಿ ಒಬೈದ್ ಸಿದ್ದಿಕಿ ಅಮೆರಿಕದ ಸೀಮೋರ್ ಬೆನ್ಜರ್ ಜೊತೆಗೂಡಿ, ಬಿಸಿ ಏರಿದೊಡನೆ ಪ್ರಜ್ಞೆ ತಪ್ಪಿದಂತೆ ಬಿದ್ದುಬಿಡುವ ಹಣ್ಣುನೊಣದ ತಳಿಗಳನ್ನು ವರ್ಣಿಸಿದ್ದರು. ಅವುಗಳಲ್ಲಿ ಒಂದರಲ್ಲಿ ಕೆಟ್ಟಿದ್ದುದು ಇದೇ ಎನ್‌ಎಸ್‌ಎಫ್‌ನ ವಂಶವಾಹಿ ಎಂಬುದು 1995ರಲ್ಲಿ ತಿಳಿಯಿತು. ಸಿದ್ದಿಕಿಯವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವವಿಜ್ಞಾನ ಘಟಕವನ್ನು ಕಟ್ಟಿದವರು, ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಸ್ಥಾಪಕ ನಿರ್ದೇಶಕರಾದವರು. ನೊಣದಲ್ಲಿಯೂ ಯೀಸ್ಟಿನಲ್ಲಿಯೂ ಮನುಷ್ಯನಲ್ಲಿಯೂ ಇರುವ ಈ ಯಂತ್ರಾಂಗವೇ, ಕೆಲವು ಮಾರ್ಪಾಟುಗಳೊಡನೆ, ಗಿಡದಲ್ಲಿಯೂ ಇದೆ.

ಗಿಡಕ್ಕೆ ಇದರ ಅಗತ್ಯ ಪ್ರಾಣಿಗಳಿಗಿಂತ ಒಂದು ಕೈ ಹೆಚ್ಚೇ ಎನ್ನಬೇಕು. ಸಸ್ಯದ ಜೀವಕೋಶವು ಗಟ್ಟಿಯಾದ ಭಿತ್ತಿಯ ಒಳಗೆ ಬಂಧಿಯಾಗಿರುತ್ತದೆ. ಅದು ಉದ್ದವಾಗಬೇಕಾದರೆ ಭಿತ್ತಿ ಸಡಿಲಗೊಂಡು ಹಿಗ್ಗಬೇಕು, ಹಿಗ್ಗಿದ ಕಡೆ ಹೊಸ ಸಾಮಗ್ರಿ ಬಂದು ಬೀಳಬೇಕು. ಪೆಕ್ಟಿನ್ ಮುಂತಾದವು ಗಾಲ್ಗಿಯಲ್ಲಿ ಸಿದ್ಧವಾಗಿ ಕಿರುಚೀಲಗಳಲ್ಲಿ ಬರುತ್ತವೆ. ಸೆಲ್ಯುಲೋಸ್ ನೇಯುವ ಕಿಣ್ವಗಳನ್ನೂ ಪೊರೆಗೆ ತಂದು ಕೂರಿಸುವುದು ಈ ಚೀಲಗಳೇ. ಜೀವಕೋಶ ಇಬ್ಭಾಗವಾಗುವಾಗಲಂತೂ ನಡುವಿನ ಹೊಸ ಗೋಡೆಯು ಚೀಲಗಳು ಒಂದರೊಡನೊಂದು ಬೆಸೆದುಕೊಂಡೇ ಮೂಡುತ್ತದೆ. ಆ ಬೆಸುಗೆಯ ಪ್ರೋಟೀನು ಇಲ್ಲದ ತಳಿಗಳಲ್ಲಿ ಗೋಡೆ ಅರ್ಧಕ್ಕೇ ನಿಂತು, ಒಂದೇ ಕೋಶದಲ್ಲಿ ಹಲವು ಕೋಶಕೇಂದ್ರಗಳು ಉಳಿದುಬಿಡುತ್ತವೆ. ಮುಸುಕಿನ ಜೋಳದ ತೆನೆಯಲ್ಲಿ ಪರಾಗನಾಳವು ರೇಷ್ಮೆಯಂತಹ ಎಳೆಯೊಳಗೆ ಗಂಟೆಗೆ ಒಂದು ಸೆಂಟಿಮೀಟರಿನವರೆಗೂ ಬೆಳೆಯಬಲ್ಲದು. ಇಷ್ಟೊಂದು ವೇಗಕ್ಕೆ ಬೇಕಾದ ಪೊರೆಯನ್ನೂ ಭಿತ್ತಿಯನ್ನೂ ಚೀಲಗಳು ಅದರ ತುದಿಗೆ ಎಡೆಬಿಡದೆ ತಂದು ಸುರಿಯುತ್ತಿರಬೇಕು.

ಈಗ ಬಾಗಿಲಿನ ಪ್ರೋಟೀನಿಗೆ ಮರಳಬಹುದು. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡವು ಸಸ್ಯವಿಜ್ಞಾನಿಗಳ ಪ್ರಯೋಗಪಶು. ಅದರ ಒಂದು ವಿಕೃತ ತಳಿಯಲ್ಲಿ ಹೂವಿನ ಕಾಂಡವು ಹೂವೇ ಇಲ್ಲದೆ ಬರಿಯ ಗುಂಡುಸೂಜಿಯಂತೆ ಬೋಳಾಗಿ ನಿಲ್ಲುತ್ತದೆ. 1991ರಲ್ಲಿ ಜಪಾನಿನ ವಿಜ್ಞಾನಿಗಳು ಈ ಗಿಡದಲ್ಲಿ ಆಕ್ಸಿನ್ನಿನ ಹರಿವು ಬಹಳ ಕುಗ್ಗಿರುವುದನ್ನು ತೋರಿಸಿದರು. 1998ರಲ್ಲಿ ಜರ್ಮನಿಯ ತಂಡವೊಂದು ಆ ವಂಶವಾಹಿಯನ್ನು ಹಿಡಿಯಿತು. ಅದು ತಯಾರಿಸುವ ಪ್ರೋಟೀನು ಕಾಂಡದ ಜೀವಕೋಶಗಳ ಕೆಳತುದಿಯ ಪೊರೆಯಲ್ಲಿ, ಅಂದರೆ 1974ರಲ್ಲಿ ಊಹಿಸಿದ್ದ ಜಾಗದಲ್ಲಿಯೇ ಕುಳಿತಿತ್ತು. ಗುಂಡುಸೂಜಿಯ ಇಂಗ್ಲಿಷ್ ಹೆಸರಿನಿಂದ ಅದನ್ನು ಪಿನ್ ಪ್ರೋಟೀನು ಎಂದು ಕರೆಯಲಾಯಿತು. 1972ರ ಆಗಸ್ಟ್ 15ರಂದು ಭಾರತದ ಅಂಚೆ ಇಲಾಖೆಯು ಜಾರಿಗೆ ತಂದ ಪಿನ್ ಕೋಡಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಸಾಮ್ಯವು ಸ್ವಾರಸ್ಯಕರವಾಗಿದೆ, ಏಕೆಂದರೆ ಮುಂದಿನ ಪ್ರಶ್ನೆ ವಿಳಾಸದ್ದೇ ಆಗಿತ್ತು: ಈ ಪ್ರೋಟೀನನ್ನು ಹೊತ್ತ ಚೀಲವು ಮೇಲುತುದಿಗೆ ಹೋಗದೆ ಕೆಳತುದಿಗೇ ಹೋಗುವುದು ಹೇಗೆ?

ಇದಕ್ಕೆ ನೆರವಾದದ್ದು ಶಿಲೀಂಧ್ರವೊಂದು ಸ್ರವಿಸುವ ಬ್ರೆಫೆಲ್ಡಿನ್ ಎಂಬ ವಿಷ. ಅದು ಕಿರುಚೀಲಗಳ ಸಾಗಣೆಯನ್ನು ತಡೆಯುತ್ತದೆ. ಬೇರುಗಳನ್ನು ಈ ವಿಷದಲ್ಲಿ ನೆನೆಸಿದಾಗ, ಪೊರೆಯಲ್ಲಿದ್ದ ಪಿನ್ ಪ್ರೋಟೀನು ಅಲ್ಲಿಂದ ಮಾಯವಾಗಿ ಕೋಶದ ಒಳಗೆ ಮುದ್ದೆಯಾಗಿ ಸೇರಿಕೊಂಡಿತು. ವಿಷವನ್ನು ತೊಳೆದಾಗ ಮರಳಿ ಪೊರೆಗೆ ಬಂದಿತು. ಹೊಸ ಪ್ರೋಟೀನಿನ ತಯಾರಿಕೆಯನ್ನು ಪೂರ್ತಿ ನಿಲ್ಲಿಸಿದಾಗಲೂ ಹೀಗೆಯೇ ಆಯಿತು. ಅಂದರೆ ಬಾಗಿಲುಗಳು ಒಮ್ಮೆ ಕೂರಿಸಿ ಬಿಟ್ಟವುಗಳಲ್ಲ. ಅವು ಚೀಲಗಳಲ್ಲಿ ಒಳಕ್ಕೆ ಎಳೆಯಲ್ಪಟ್ಟು, ಮತ್ತೆ ಹೊರಕ್ಕೆ ಕಳುಹಿಸಲ್ಪಟ್ಟು, ಹಗಲಿರುಳು ಸುತ್ತುತ್ತಲೇ ಇರುತ್ತವೆ. 2001ರಲ್ಲಿ ಪ್ರಕಟವಾದ ಈ ಫಲಿತಾಂಶವು ಎಲ್ಲರ ಎಣಿಕೆಯನ್ನು ಬದಲಿಸಿತು. ಇಷ್ಟು ದುಬಾರಿಯಾದ ವ್ಯವಸ್ಥೆಯೇಕೆ ಎಂದು ಕೇಳಬಹುದು. ಗೋಡೆಯಲ್ಲಿ ಕಟ್ಟಿದ ಬಾಗಿಲನ್ನು ಬೇರೆ ಕಡೆಗೆ ಒಯ್ಯಬೇಕಾದರೆ ಗೋಡೆಯನ್ನೇ ಒಡೆಯಬೇಕು. ಸದಾ ತಿರುಗಾಟದಲ್ಲಿರುವ ಬಾಗಿಲನ್ನು ಇನ್ನೊಂದು ಗೋಡೆಗೆ ಸೇರಿಸಲು ವಿಳಾಸವನ್ನು ತಿದ್ದಿದರೆ ಸಾಕು.

ಆ ತಿರುಗಾಟವನ್ನು ನಡೆಸುವ ಒಂದು ಮುಖ್ಯ ಪ್ರೋಟೀನು ಗ್ನೋಮ್. ಜರ್ಮನ್ ಭಾಷೆಯಲ್ಲಿ ಈ ಮಾತಿಗೆ ಕುಳ್ಳ ಎಂಬ ಅರ್ಥವಿದೆ. ಇದು ಕೆಟ್ಟ ಭ್ರೂಣಗಳಲ್ಲಿ ಬೇರು ಯಾವುದು ಚಿಗುರು ಯಾವುದು ಎಂಬ ವಿಂಗಡಣೆಯೇ ಇಲ್ಲದೆ, ಕೆಲವೊಮ್ಮೆ ಬರಿಯ ಉಂಡೆಯಾಗಿ ಉಳಿದುಬಿಡುತ್ತದೆ. ಬ್ರೆಫೆಲ್ಡಿನ್ ವಿಷದ ಪೆಟ್ಟು ಬೀಳುವುದು ನಿಜಕ್ಕೂ ಗ್ನೋಮಿನ ಮೇಲೆಯೇ ಎಂಬುದನ್ನು ಸಾಧಿಸಲು 2003ರಲ್ಲಿ ಒಂದು ಅಚ್ಚುಕಟ್ಟಾದ ಪ್ರಯೋಗವನ್ನು ಕೈಗೊಳ್ಳಲಾಯಿತು. ಗ್ನೋಮಿನಲ್ಲಿರುವ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿ, ವಿಷಕ್ಕೆ ಬಗ್ಗದ ಗ್ನೋಮನ್ನು ರೂಪಿಸಿ ಗಿಡಕ್ಕೆ ನೀಡಲಾಯಿತು. ಈಗ ವಿಷ ಹಾಕಿದರೂ ಪಿನ್ ಪ್ರೋಟೀನು ಪೊರೆಯಲ್ಲಿಯೇ ಸರಿಯಾದ ಸ್ಥಾನದಲ್ಲಿ ಉಳಿಯಿತು, ಆಕ್ಸಿನ್ನಿನ ಹರಿವೂ ತಪ್ಪಲಿಲ್ಲ. ಗ್ನೋಮ್ ಕುಳಿತು ಕೆಲಸ ಮಾಡುವ ಠಾಣೆ ಯಾವುದೆಂಬ ಬಗ್ಗೆ ಮಾತ್ರ ಅಭಿಪ್ರಾಯ ಬದಲಾಗಿದೆ. ಮರುಸುತ್ತಿಗೆ ಕಳುಹಿಸುವ ಒಳಚೀಲಗಳಲ್ಲಿ ಅದು ಇರುತ್ತದೆಂದು ಮೊದಲು ಭಾವಿಸಲಾಗಿತ್ತು. 2014ರಲ್ಲಿ ಪ್ರಕಟವಾದ ಸೂಕ್ಷ್ಮದರ್ಶಕ ಅಧ್ಯಯನವು ಅದನ್ನು ಪ್ರಧಾನವಾಗಿ ಗಾಲ್ಗಿಯಲ್ಲಿ ಕಂಡಿತು.

ಇನ್ನು ಬೆಳಕಿನ ಪಾತ್ರ. ಬಾಗುವಿಕೆಯನ್ನು ಪ್ರಚೋದಿಸುವುದು ಮುಖ್ಯವಾಗಿ ನೀಲಿ ಬೆಳಕು. ಅದನ್ನು ಗ್ರಹಿಸುವ ಪ್ರೋಟೀನಿನ ವಂಶವಾಹಿಯನ್ನು ಕ್ಯಾಲಿಫೋರ್ನಿಯಾದ ವಿನ್ಸ್‌ಲೋ ಬ್ರಿಗ್ಸ್ ಅವರ ಪ್ರಯೋಗಾಲಯವು 1997ರಲ್ಲಿ ಪ್ರತ್ಯೇಕಿಸಿತು. ಎರಡು ವರ್ಷಗಳ ಬಳಿಕ ಅದಕ್ಕೆ ಫೋಟೋಟ್ರೋಪಿನ್ ಎಂಬ ಹೆಸರು ಬಂದಿತು. ಸಸಿಯ ಕಾಂಡವು ಕೂದಲಿನಷ್ಟು ತೆಳ್ಳಗಿದ್ದು ಬಹುಪಾಲು ನೀರಿನಿಂದ ತುಂಬಿರುವಾಗ, ಬೆಳಕು ಒಂದು ಬದಿಯಿಂದ ಇನ್ನೊಂದು ಬದಿಗೆ ನೇರವಾಗಿ ಹಾದುಹೋಗಬೇಕಲ್ಲವೇ, ಬದಿಗಳ ವ್ಯತ್ಯಾಸ ತಿಳಿಯುವುದೆಂತು ಎಂಬ ಸಂಶಯ ಸಹಜವಾದುದು. ಜೀವಕೋಶಗಳ ನಡುವೆ ಗಾಳಿ ತುಂಬಿದ ಕಿರಿದಾದ ಸಂದುಗಳಿದ್ದು, ಅವು ಬೆಳಕನ್ನು ಚದುರಿಸುವುದರಿಂದಲೇ ಬೆಳಕಿನ ಬದಿಗೂ ನೆರಳಿನ ಬದಿಗೂ ಅಂತರ ಉಂಟಾಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಲೋಸಾನ್ ವಿಶ್ವವಿದ್ಯಾನಿಲಯದ ತಂಡ 2023ರಲ್ಲಿ ತೋರಿಸಿತು. ಆ ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿದ ತಳಿಯ ಕಾಂಡವು ಹೆಚ್ಚು ಪಾರದರ್ಶಕವಾಗಿತ್ತು, ಮತ್ತು ಸರಿಯಾಗಿ ಬಾಗಲಿಲ್ಲ.

ಬೆಳಕನ್ನು ಅರಿತ ಬಳಿಕ ನಡೆಯುವುದೇ ಈ ಉಪನ್ಯಾಸದ ತಿರುಳು. ಪಿನ್ ಕುಟುಂಬದ ಮೂರನೆಯ ಸದಸ್ಯ ಪಿನ್-3. ಕತ್ತಲೆಯಲ್ಲಿ ಬೆಳೆದ ಸಸಿಯ ಕಾಂಡದ ಒಳಪದರದ ಜೀವಕೋಶಗಳಲ್ಲಿ ಇದು ಎರಡೂ ಪಕ್ಕಗಳಲ್ಲಿ ಹರಡಿಕೊಂಡಿರುತ್ತದೆ. ಒಂದು ಬದಿಯಿಂದ ಬೆಳಕು ಬಿದ್ದ ಕೆಲವು ಗಂಟೆಗಳಲ್ಲಿ, ಬೆಳಕಿನತ್ತ ಇರುವ ಕೋಶಗಳ ಹೊರಪಕ್ಕದಿಂದ ಅದು ತೆರವಾಗಿ, ಬೆಳಕಿಗೆ ಬೆನ್ನು ಮಾಡಿದ ಪಕ್ಕದಲ್ಲಿ ಉಳಿಯುತ್ತದೆ. ಬಾಗಿಲುಗಳೆಲ್ಲ ನೆರಳಿನತ್ತ ತೆರೆದವೆಂದರೆ ಆಕ್ಸಿನ್ನೂ ಆ ಕಡೆಗೇ ಹರಿಯುತ್ತದೆ. ಅಲ್ಲಿನ ಕೋಶಗಳು ನೀಳವಾಗುತ್ತವೆ, ಕಾಂಡ ಬಾಗುತ್ತದೆ. ಈ ಸ್ಥಳಾಂತರಕ್ಕೆ ಗ್ನೋಮ್ ನಡೆಸುವ ಕಿರುಚೀಲಗಳ ಸಾಗಣೆ ಅತ್ಯಗತ್ಯವೆಂದು ಯಿರಿ ಫ್ರಿಮ್ಲ್ ಅವರ ತಂಡವು 2011ರಲ್ಲಿ ಪ್ರಕಟಿಸಿತು. ಡಾರ್ವಿನ್ನರು ಊಹಿಸಿದ ಪ್ರಭಾವವು ಕೆಳಗೆ ಹಾಗೂ ಪಕ್ಕಕ್ಕೆ ಸಾಗುವ ದಾರಿ ಹೀಗೆ 131 ವರ್ಷಗಳ ತರುವಾಯ ಕಣ್ಣಿಗೆ ಕಂಡಿತು. ಪಿನ್-3 ಒಂದನ್ನೇ ಕಳೆದುಕೊಂಡ ಗಿಡ ಸ್ವಲ್ಪ ಕಡಿಮೆ ಬಾಗುತ್ತದೆಯೇ ಹೊರತು ಬಾಗುವುದನ್ನು ಬಿಡುವುದಿಲ್ಲ. ಅದರ ಒಡಹುಟ್ಟುಗಳೆನ್ನಬಹುದಾದ ಪಿನ್-4 ಮತ್ತು ಪಿನ್-7 ಅನ್ನೂ ಕಿತ್ತುಹಾಕಿದಾಗಲೇ ದೋಷವು ತೀವ್ರವಾಗುತ್ತದೆ. ಜೀವನ್ಮರಣದ ಕೆಲಸವನ್ನು ಗಿಡವು ಒಬ್ಬನ ಕೈಗೇ ಒಪ್ಪಿಸಿಲ್ಲ.

ಬೇರಿನಲ್ಲಿಯೂ ಕತ್ತಲೆ-ಬೆಳಕಿನ ಲೆಕ್ಕವಿದೆ. ಸಸಿಯನ್ನು ಕತ್ತಲೆಗೆ ಸರಿಸಿದಾಗ ಬೇರಿನ ಪಿನ್-2 ಪೊರೆಯಿಂದ ಒಳಕ್ಕೆ ಸೆಳೆಯಲ್ಪಟ್ಟು, ಕೋಶದ ನಡುವಿನ ದೊಡ್ಡ ರಸದಾನಿಯನ್ನು ಸೇರಿ ಅಲ್ಲಿ ಕರಗಿಹೋಗುತ್ತದೆ. ಬೆಳಕಿನಲ್ಲಿ ಅದು ಪೊರೆಯಲ್ಲಿ ನೆಲೆಗೊಳ್ಳುತ್ತದೆ. ಫೋಟೋಟ್ರೋಪಿನ್ ಕೂಡ ನೀಲಿ ಬೆಳಕು ತಾಗಿದೊಡನೆ ಅಂಶತಃ ಪೊರೆಯನ್ನು ಬಿಟ್ಟು ಒಳಗೆ ಸರಿಯುವುದು 2002ರಲ್ಲಿ ಕಂಡುಬಂದಾಗ, ಸಂದೇಶವನ್ನು ಒಳಗೆ ಮುಟ್ಟಿಸಲು ಅದು ಹೋಗುತ್ತಿರಬೇಕೆಂದು ಹಲವರು ಭಾವಿಸಿದರು. ಆದರೆ ಅದನ್ನು ಪೊರೆಗೆ ಬಿಗಿಯಾಗಿ ಕಟ್ಟಿಹಾಕಿದ ಸಸಿಗಳೂ ಬಾಗಿದವು ಎಂದು 2015ರಲ್ಲಿ ತಿಳಿದುಬಂದಿತು. ಆಕರ್ಷಕವಾದ ವಿವರಣೆಗಳೆಲ್ಲ ನಿಜವಾಗಬೇಕಾಗಿಲ್ಲವೆಂಬುದಕ್ಕೆ ಈ ಕ್ಷೇತ್ರದಲ್ಲಿ ನಿದರ್ಶನಗಳು ಬೇಕಾದಷ್ಟಿವೆ.

ಪ್ರಯೋಗಾಲಯದ ಈ ವಿದ್ಯಮಾನಗಳಿಗೂ ರೈತನ ಹೊಲಕ್ಕೂ ಏನು ಸಂಬಂಧ? ಎಕರೆಯೊಂದರಲ್ಲಿ ಹೆಚ್ಚು ಗಿಡಗಳನ್ನು ಹಿಡಿಸಿ ಇಳುವರಿ ಹೆಚ್ಚಿಸುವುದು ಆಧುನಿಕ ಬೇಸಾಯದ ಒಂದು ಮುಖ್ಯ ಮಾರ್ಗ. ಒತ್ತೊತ್ತಾಗಿ ಬೆಳೆದ ಗಿಡಗಳಾದರೋ ನೆರೆಯ ಎಲೆಗಳಿಂದ ಚದುರಿ ಬರುವ ಬೆಳಕಿನ ಬಣ್ಣದಿಂದಲೇ ಪೈಪೋಟಿಯನ್ನು ಅರಿತು, ಕಾಳಿಗೆ ಹಾಕಬೇಕಾದುದನ್ನು ಕಾಂಡದ ಎತ್ತರಕ್ಕೆ ಹಾಕಿಬಿಡುತ್ತವೆ; ಕಾಂಡ ಸಣಕಲಾಗಿ ಗಾಳಿಗೆ ನೆಲಕಚ್ಚುತ್ತದೆ. ಇಂತಹ ನೆರಳಿನಲ್ಲಿಯೂ ಪಿನ್-3 ಕೋಶದ ಪಕ್ಕಗಳಿಗೆ ಸರಿದು ಆಕ್ಸಿನ್ನನ್ನು ಹೊರಪದರಗಳಿಗೆ ಹರಿಸುತ್ತದೆ ಎಂದು 2010ರಲ್ಲಿ ತೋರಿಸಿದವರು, ವೆಂಟ್ ಅವರ ಊರಾದ ಯೂಟ್ರೆಕ್ಟಿನ ವಿಜ್ಞಾನಿಗಳೇ.

ವಿಜಯಪುರ, ಕಲಬುರಗಿ ಕಡೆಯ ಜನರಿಗೆ ಆತ್ಮೀಯವಾದ ಜೋಳದ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಯಂತ್ರದಿಂದ ಕೊಯ್ಯಲು ಅನುಕೂಲವಾಗುವಂತೆ ಅಮೆರಿಕದಲ್ಲಿ ಬೆಳೆಸುವ ಗಿಡ್ಡ ಜೋಳದ ತಳಿಗಳಲ್ಲಿರುವ ಒಂದು ಮುಖ್ಯ ವಂಶವಾಹಿಯ ಗುಟ್ಟು 2003ರಲ್ಲಿ ಬಯಲಾಯಿತು. ಅಲ್ಲಿ ಕೆಟ್ಟಿರುವುದು ಆಕ್ಸಿನ್ನನ್ನು ಸಾಗಿಸುವ ಇನ್ನೊಂದು ಬಗೆಯ ಪೊರೆಪ್ರೋಟೀನು. ಇದು ಪಿನ್ ಕುಟುಂಬಕ್ಕೆ ಸೇರಿದುದಲ್ಲ. ಆ ಕೆಡುಕು ಅಸ್ಥಿರವಾದುದರಿಂದ, ಗಿಡ್ಡ ಜೋಳದ ಹೊಲದ ನಡುವೆ ಆಗಾಗ ಎತ್ತರದ ಗಿಡವೊಂದು ತಲೆಯೆತ್ತುತ್ತದೆ. ಬೀಜೋತ್ಪಾದಕರಿಗೆ ಇದು ಹಳೆಯ ತಲೆನೋವು. ಕಾರಣ ತಿಳಿದದ್ದು ಮಾತ್ರ ಆಕ್ಸಿನ್ನಿನ ದಾರಿ ಗೊತ್ತಾದ ಮೇಲೆ. ಜೋಳದ ಬೇರಿಗೆ ಅಂಟಿ ಅದರ ರಸವನ್ನು ಹೀರಿ ಬದುಕುವ ಸ್ಟ್ರೈಗಾ ಎಂಬ ಪರಾವಲಂಬಿ ಕಳೆಯ ಕಥೆಯೂ ಇಲ್ಲಿಗೇ ಬಂದು ಸೇರುತ್ತದೆ. ಬೇರುಗಳು ಸ್ರವಿಸುವ ಒಂದು ರಾಸಾಯನಿಕದ ಜಾಡು ಹಿಡಿದು ಆ ಕಳೆಯ ಬೀಜಗಳು ಮೊಳೆಯುತ್ತವೆ ಎಂಬುದು 1966ರಿಂದಲೇ ತಿಳಿದಿತ್ತು. ಶತ್ರುವನ್ನು ಕರೆತರುವ ಇಂತಹ ವಸ್ತುವನ್ನು ಗಿಡವಾದರೂ ಏಕೆ ತಯಾರಿಸುತ್ತದೆ? ಅದು ಗಿಡದ ಕವಲೊಡೆಯುವಿಕೆಯನ್ನು ಹತೋಟಿಯಲ್ಲಿಡುವ ಹಾರ್ಮೋನೆಂದು 2008ರಲ್ಲಿ ತಿಳಿಯಿತು. ಮೊದಲ ಪಿನ್ ಪ್ರೋಟೀನನ್ನು ಪೊರೆಯಿಂದ ಚೀಲಗಳಲ್ಲಿ ಬೇಗನೆ ಒಳಕ್ಕೆ ಎಳೆದುಕೊಳ್ಳುವಂತೆ ಮಾಡುವುದು ಅದರ ಕಾರ್ಯವಿಧಾನಗಳಲ್ಲಿ ಒಂದೆಂದು 2013ರ ಅಧ್ಯಯನ ಸೂಚಿಸಿತು. ಸ್ಟ್ರೈಗಾದ ಕಾಟ ತಪ್ಪಿಸಲೆಂದು ಆ ಸ್ರಾವವನ್ನು ಪೂರ್ತಿ ನಿಲ್ಲಿಸಿದರೆ ಗಿಡದ ಆಕಾರವೇ ಕೆಡುವ ಭಯವಿದೆ. ತಳಿ ಸುಧಾರಕರ ಇಕ್ಕಟ್ಟು ಇದು.

ಕೊನೆಯದಾಗಿ ಸೂರ್ಯಕಾಂತಿ. ಎಳೆಯ ಸೂರ್ಯಕಾಂತಿಯು ಹಗಲೆಲ್ಲ ಸೂರ್ಯನನ್ನು ಹಿಂಬಾಲಿಸಿ ಪಶ್ಚಿಮಕ್ಕೆ ತಿರುಗಿ, ರಾತ್ರಿಯಲ್ಲಿ ತಾನಾಗಿ ಪೂರ್ವಕ್ಕೆ ಮರಳುತ್ತದೆ. ಹಗಲಿನಲ್ಲಿ ಕಾಂಡದ ಪೂರ್ವದ ಬದಿ, ಇರುಳಿನಲ್ಲಿ ಪಶ್ಚಿಮದ ಬದಿ ಹೆಚ್ಚು ಬೆಳೆಯುವುದೇ ಇದಕ್ಕೆ ಕಾರಣವೆಂದು ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು 2016ರಲ್ಲಿ ಅಳೆದು ತೋರಿಸಿದರು. ಬಲಿತು ಬೆಳವಣಿಗೆ ನಿಂತ ಗಿಡದ ಹೂವು ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಅದರ ಬಳಿಗೆ, ಪಶ್ಚಿಮಕ್ಕೆ ತಿರುಗಿಸಿಟ್ಟ ಹೂವಿಗಿಂತ ಹಲವು ಪಟ್ಟು ಹೆಚ್ಚು ಜೇನ್ನೊಣಗಳು ಬಂದವು. ಇದೂ ಫೋಟೋಟ್ರೋಪಿನ್ನಿನ ಕೆಲಸವೇ ಇರಬೇಕೆಂದು ಎಲ್ಲರೂ ಎಣಿಸಿದ್ದರು. ಅದೇ ತಂಡವು 2023ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯಾಗಿತ್ತು: ಕೊಠಡಿಯೊಳಗೆ ನೀಲಿ ದೀಪಕ್ಕೆ ಬಾಗುವ ಸೂರ್ಯಕಾಂತಿಯಲ್ಲಿ ಎಚ್ಚರಗೊಳ್ಳುವ ವಂಶವಾಹಿಗಳ ವಿನ್ಯಾಸವು, ಬಯಲಿನಲ್ಲಿ ಸೂರ್ಯನನ್ನು ಅನುಸರಿಸುವ ಗಿಡದಲ್ಲಿ ಕಾಣಲಿಲ್ಲ, ಮರೆಗಳನ್ನಿಟ್ಟು ನೀಲಿ ಬೆಳಕನ್ನು ತಡೆದಾಗಲೂ ಗಿಡಗಳು ಎಂದಿನಂತೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿದವು.